ನೆರೆ ಬರುವ ಹತ್ತು ದಿನ ಮುನ್ನ

ಮಳೆಯ ಸುದ್ದಿಯನ್ನು ಮುಂಚಿತವಾಗಿ ಅರಿಯಬೇಕೆಂಬ ಹಂಬಲ ಬೇಸಾಯದಷ್ಟೇ ಹಳೆಯದು. ನಮ್ಮ ನಾಡಿನ ರೈತರು ರೋಹಿಣಿ, ಮೃಗಶಿರ, ಆರಿದ್ರ ಎಂದು ನಕ್ಷತ್ರಗಳ ಹೆಸರಿನಿಂದ ಮಳೆಗಳನ್ನು ಗುರುತಿಸಿ, ಯಾವ ಮಳೆಗೆ ಯಾವ ಬಿತ್ತನೆ ಎಂಬುದನ್ನು ತಲೆಮಾರುಗಳ ಅನುಭವದಿಂದ ಗೊತ್ತುಮಾಡಿಕೊಂಡು ಬಂದಿದ್ದಾರೆ. ಆದರೆ ಅನುಭವವು ಹೇಳುವುದು ಸಾಮಾನ್ಯ ವರ್ಷದ ಮಾತನ್ನು. ಈ ವರ್ಷ, ಈ ವಾರ, ಈ ಊರಿನಲ್ಲಿ ಏನಾದೀತು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಹವಾಮಾನಶಾಸ್ತ್ರದ ಮೊರೆಹೊಗಬೇಕಾಗುತ್ತದೆ.

ಈ ಶಾಸ್ತ್ರ ಕಳೆದ ಎಪ್ಪತ್ತೈದು ವರ್ಷಗಳಲ್ಲಿ ಬಹುವಾಗಿ ಬೆಳೆದಿದೆ. ವಿದ್ಯುನ್ಮಾನ ಗಣಕಯಂತ್ರದಿಂದ ಮೊದಲ ಹವಾ ಮುನ್ಸೂಚನೆಯನ್ನು ಲೆಕ್ಕಹಾಕಿದ್ದು ೧೯೫೦ರಲ್ಲಿ. ಒಂದು ದಿನದ ಹವೆಯನ್ನು ಹೇಳಲು ಆಗ ಹೆಚ್ಚುಕಡಿಮೆ ಒಂದು ದಿನವೇ ಹಿಡಿಯಿತು. ಇಂದು ಇಡೀ ಭೂಮಂಡಲದ ಹತ್ತು ಹದಿನೈದು ದಿನಗಳ ಹವೆಯನ್ನು ದಿನಂಪ್ರತಿ ಲೆಕ್ಕಹಾಕಲಾಗುತ್ತಿದೆ. ವಾಯುಮಂಡಲಕ್ಕೆ ರಾಷ್ಟ್ರಗಳ ಎಲ್ಲೆಯಿಲ್ಲವಷ್ಟೆ. ಆದುದರಿಂದ ಲಂಡನ್ನಿನ ಮಳೆಯನ್ನು ಎಣಿಸುವ ಯಂತ್ರವೇ ಢಾಕಾದ ಮಳೆಯನ್ನೂ ಎಣಿಸುತ್ತದೆ. ಹೀಗಿದ್ದೂ ಆ ಸೂಚನೆಯಿಂದ ಲಂಡನ್ನಿನವನಿಗೆ ಆಗುವಷ್ಟು ಉಪಯೋಗ ಬಾಂಗ್ಲಾದೇಶದ ರೈತನಿಗೆ ಬಹುಕಾಲ ಆಗಲಿಲ್ಲ. ಇದಕ್ಕೆ ಕಾರಣವೇನು? ಅದನ್ನು ಸರಿಪಡಿಸಲು ಸಾಧ್ಯವೆ? ಬಾಂಗ್ಲಾದೇಶದಲ್ಲಿಯೇ ನಡೆದ ಒಂದು ಪ್ರಯತ್ನದ ವೃತ್ತಾಂತವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ನಾವು ವಿಚಾರ ಮಾಡೋಣ.

ನದಿಗಳ ನಾಡು

ಗಂಗೆ, ಬ್ರಹ್ಮಪುತ್ರೆ, ಮೇಘನಾ ಈ ಮೂರು ಮಹಾನದಿಗಳು ತಂದು ಸುರಿದ ಮಣ್ಣಿನಿಂದಲೇ ಬಾಂಗ್ಲಾದೇಶದ ಬಹುಭಾಗ ನಿರ್ಮಿತವಾಗಿದೆ. ಇವುಗಳ ಜಲಾನಯನ ಪ್ರದೇಶದ ಒಟ್ಟು ವಿಸ್ತೀರ್ಣ ಸುಮಾರು ೧೭ ಲಕ್ಷ ಚದರ ಕಿಲೋಮೀಟರು. ಅದರಲ್ಲಿ ಬಾಂಗ್ಲಾದೇಶದೊಳಗೆ ಇರುವುದು ನೂರಕ್ಕೆ ಏಳೆಂಟು ಪಾಲು ಮಾತ್ರ. ಮಿಕ್ಕದ್ದೆಲ್ಲ ಭಾರತ, ನೇಪಾಳ, ಭೂತಾನ, ಟಿಬೆಟ್ಟುಗಳಲ್ಲಿ ಹರಡಿಕೊಂಡಿದೆ. ಎಂದರೆ ನೂರು ಮನೆಗಳ ಸೂರಿನ ನೀರು ಏಳೆಂಟು ಮನೆಗಳ ಅಂಗಳದಲ್ಲಿ ಹಾದುಹೋದಂತೆ ಆಯಿತು.

ಪ್ರತಿವರ್ಷವೂ ನೀರು ಹೊಲಗಳ ಮೇಲೆ ಸ್ವಲ್ಪ ಹರಿಯುವುದು ಅಲ್ಲಿ ಸಹಜ. ನೆಲ ಫಲವತ್ತಾಗಲು ಅದು ಬೇಕು ಕೂಡ. ಆದರೆ ಕೆಲವು ವರ್ಷಗಳಲ್ಲಿ ಪ್ರವಾಹ ಮಿತಿಮೀರುತ್ತದೆ. ೧೯೯೮ರ ನೆರೆಯಲ್ಲಿ ದೇಶದ ಅರ್ಧಕ್ಕಿಂತ ಹೆಚ್ಚು ಭೂಭಾಗ ಮುಳುಗಿತು. ಅನೇಕ ಕಡೆ ನೀರು ಇಳಿಯಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು.

ಢಾಕಾದಲ್ಲಿ ನೆರೆಯ ಮುನ್ಸೂಚನೆ ಮತ್ತು ಎಚ್ಚರಿಕೆಯ ಕೇಂದ್ರವೊಂದು ಮೊದಲಿನಿಂದಲೂ ಇತ್ತು. ಅಲ್ಲಿನವರು ದಕ್ಷರೇ. ಆದರೆ ಗಡಿಯಾಚೆ ನದಿಗಳ ಮಟ್ಟ ಎಷ್ಟಿದೆ, ಮಳೆ ಎಷ್ಟು ಬಿದ್ದಿದೆ ಎಂಬ ವಿವರಗಳು ಅವರಿಗೆ ಸಾಕಷ್ಟು ದೊರೆಯುತ್ತಿರಲಿಲ್ಲ. ನದಿಯು ದೇಶದೊಳಕ್ಕೆ ಕಾಲಿಟ್ಟ ಮೇಲೆಯೇ ಅದರ ನೀರನ್ನು ಅಳೆದು, ಆ ನೀರು ಕೆಳಗಿನ ಊರುಗಳನ್ನು ಎಂದು ತಲಪುವುದೆಂದು ಅವರು ಲೆಕ್ಕಹಾಕುತ್ತಿದ್ದರು. ಇದರಿಂದ ದೊರೆಯುತ್ತಿದ್ದ ಅವಧಿ ಎರಡು ಮೂರು ದಿನ. ಅಷ್ಟರಲ್ಲಿ ಮನುಷ್ಯನು ಪ್ರಾಣ ಉಳಿಸಿಕೊಳ್ಳಬಹುದು. ಆದರೆ ಬೆಳೆ ಕೊಯ್ಯುವುದು, ದನಗಳನ್ನೂ ಅವುಗಳ ಮೇವನ್ನೂ ಎತ್ತರದ ನೆಲಕ್ಕೆ ಸಾಗಿಸುವುದು, ಕೊಳದ ಮೀನು ಹೊರಟುಹೋಗದಂತೆ ಬಲೆಕಟ್ಟುವುದು, ಇವು ಎರಡು ದಿನಗಳಲ್ಲಿ ಆಗತಕ್ಕ ಕೆಲಸಗಳಲ್ಲ. ಜೀವ ಉಳಿದು ಜೀವನೋಪಾಯ ಕೊಚ್ಚಿಹೋದರೆ ಬಡವನ ಮುಂದಿನ ವರ್ಷಗಳೆಲ್ಲ ಸಾಲದ ವರ್ಷಗಳಾಗುತ್ತವೆ.

೧೯೯೮ರ ಅನುಭವದ ತರುವಾಯ ಪೀಟರ್ ವೆಬ್‌ಸ್ಟರ್ ಎಂಬ ಹವಾಮಾನಶಾಸ್ತ್ರಜ್ಞರು ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಮುಂಗಾರು ಮಾರುತಗಳ ಅಧ್ಯಯನದಲ್ಲಿ ಹೆಸರಾದವರು ಅವರು. ಮೊದಲು ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿಯೂ ಮುಂದೆ ಜಾರ್ಜಿಯಾದ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿಯೂ ಪ್ರಾಧ್ಯಾಪಕರಾಗಿದ್ದರು. ಅವರ ನೇತೃತ್ವದಲ್ಲಿ ರೂಪುಗೊಂಡ ಕಾರ್ಯಕ್ರಮದ ಗುರಿ ಸರಳವಾದುದು: ಎರಡು ದಿನದ ಅವಧಿಯನ್ನು ಹತ್ತು ದಿನಕ್ಕೆ ಹೆಚ್ಚಿಸುವುದು.

ಒಂದರ ಬದಲು ಐವತ್ತೊಂದು

ಗಡಿಯಾಚೆಯ ನದಿಯನ್ನು ಅಳೆಯುವಂತಿಲ್ಲವಾದರೆ ಅಲ್ಲಿ ಬೀಳಲಿರುವ ಮಳೆಯನ್ನಾದರೂ ಎಣಿಸಬಹುದಲ್ಲವೆ? ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ಐರೋಪ್ಯ ರಾಷ್ಟ್ರಗಳು ಕೂಡಿ ನಡೆಸುತ್ತಿರುವ ಮಧ್ಯಮಾವಧಿ ಹವಾ ಮುನ್ಸೂಚನಾ ಕೇಂದ್ರವಿದೆ. ಅದರ ಲೆಕ್ಕಾಚಾರ ಭೂಮಂಡಲವನ್ನೆಲ್ಲ ಒಳಗೊಂಡಿರುವುದರಿಂದ ಹಿಮಾಲಯದ ಇಳಿಜಾರುಗಳ ಮಳೆಯೂ ಅದರಲ್ಲಿ ಸೇರಿರುತ್ತದೆ. ಆ ಕೇಂದ್ರವು ತನ್ನ ಸೂಚನೆಗಳನ್ನು ಈ ಕಾರ್ಯಕ್ಕೆ ಒದಗಿಸಲು ಒಪ್ಪಿತು.

ಇಲ್ಲಿ ಒಂದು ತೊಡಕಿದೆ. ವಾಯುಮಂಡಲದ ಇಂದಿನ ಸ್ಥಿತಿಯನ್ನು ನಾವು ಎಷ್ಟೇ ಎಚ್ಚರಿಕೆಯಿಂದ ಅಳೆದರೂ ಸ್ವಲ್ಪ ತಪ್ಪು ಉಳಿದೇ ಉಳಿಯುತ್ತದೆ. ಅಂಥ ಅಲ್ಪ ತಪ್ಪು ದಿನಗಳೆದಂತೆ ಬೆಳೆದು ಕಡೆಗೆ ಲೆಕ್ಕವನ್ನೇ ಕೆಡಿಸಬಲ್ಲದೆಂದು ಎಡ್ವರ್ಡ್ ಲೊರೆನ್ಸ್ ಎಂಬ ಅಮೆರಿಕದ ವಿಜ್ಞಾನಿ ೧೯೬೩ರಲ್ಲಿ ತೋರಿಸಿಕೊಟ್ಟರು. ಬೆಟ್ಟದ ನೆತ್ತಿಯಿಂದ ಎರಡು ಕಲ್ಲುಗಳನ್ನು ಒಂದೇ ಸ್ಥಳದಿಂದ ಉರುಳಿಸಿದರೂ, ಕೂದಲೆಳೆಯ ಅಂತರದಿಂದ ಒಂದು ಈ ಕಣಿವೆಗೂ ಇನ್ನೊಂದು ಆ ಕಣಿವೆಗೂ ಬೀಳಬಹುದಷ್ಟೆ. ವಾಯುಮಂಡಲದ ಸ್ವಭಾವವೂ ಅಂಥದೇ.

ಇದಕ್ಕೆ ಪರಿಹಾರವೆಂದರೆ ಒಂದೇ ಕಲ್ಲನ್ನು ನೆಚ್ಚದಿರುವುದು. ಐರೋಪ್ಯ ಕೇಂದ್ರವು ೧೯೯೨ರಿಂದ ಒಂದರ ಬದಲು ಅನೇಕ ಲೆಕ್ಕಗಳನ್ನು ನಡೆಸತೊಡಗಿತು. ಆರಂಭಸ್ಥಿತಿಯನ್ನು, ಅಳತೆಯಲ್ಲಿ ಎಷ್ಟು ತಪ್ಪು ಸಂಭವವೋ ಅಷ್ಟರೊಳಗೇ, ಸ್ವಲ್ಪ ಸ್ವಲ್ಪ ಬದಲಾಯಿಸಿ ಮತ್ತೆ ಮತ್ತೆ ಲೆಕ್ಕಮಾಡಲಾಗುತ್ತದೆ. ವೆಬ್‌ಸ್ಟರ್ ಅವರ ತಂಡಕ್ಕೆ ಹೀಗೆ ಪ್ರತಿದಿನ ದೊರೆಯುತ್ತಿದ್ದ ಸೂಚನೆಗಳ ಸಂಖ್ಯೆ ೫೧. ಅವೆಲ್ಲವೂ ಒಂದೇ ಮಾತನ್ನು ಹೇಳಿದರೆ ನಮಗೆ ಧೈರ್ಯ ಹೆಚ್ಚುತ್ತದೆ. ಒಂದೊಂದು ಒಂದೊಂದು ದಿಕ್ಕಿಗೆ ಹೋದರೆ ಭವಿಷ್ಯವು ಇನ್ನೂ ಅನಿಶ್ಚಿತವೆಂದು ತಿಳಿಯುತ್ತದೆ. ನಮ್ಮ ಅಜ್ಞಾನ ಎಷ್ಟೆಂಬುದನ್ನೂ ಲೆಕ್ಕದಿಂದಲೇ ತಿಳಿಯುವುದು ಈ ವಿಧಾನದ ವೈಶಿಷ್ಟ್ಯ.

ಮಳೆಯಿಂದ ನದಿಗೆ

ಮಳೆಯ ಸೂಚನೆಯೇ ನೆರೆಯ ಸೂಚನೆಯಲ್ಲ. ಗಣಕಯಂತ್ರದ ಲೆಕ್ಕದಲ್ಲಿ ಒಂದು ಖಾಯಂ ದೋಷವಿರುತ್ತದೆ: ಸಣ್ಣ ಮಳೆಯನ್ನು ಅದು ಹೆಚ್ಚಾಗಿ ತೋರಿಸಬಹುದು, ದೊಡ್ಡ ಮಳೆಯನ್ನು ಕಡಮೆ ಮಾಡಿ ಹೇಳಬಹುದು. ದಿನವೂ ಹತ್ತು ನಿಮಿಷ ಮುಂದಿರುವ ಗಡಿಯಾರವನ್ನು ಎಸೆಯಬೇಕಾಗಿಲ್ಲ. ಅದು ಎಷ್ಟು ಮುಂದಿದೆಯೆಂದು ತಿಳಿದಿದ್ದರೆ ಸಾಕು. ಹಾಗೆಯೇ ಇಲ್ಲಿಯೂ ತಿದ್ದುಪಡಿಯ ಉಪಾಯವೊಂದನ್ನು ಕಂಡುಕೊಂಡರು. ಹಿಂದಿನ ನೂರು ದಿನಗಳ ಲೆಕ್ಕದ ಮಳೆಯನ್ನು ಪ್ರಮಾಣಕ್ಕೆ ತಕ್ಕಂತೆ ಸಾಲಾಗಿ ಜೋಡಿಸಿದಿರೆನ್ನಿ. ಅದೇ ದಿನಗಳಲ್ಲಿ ನಿಜವಾಗಿ ಬಿದ್ದ ಮಳೆಯನ್ನೂ ಹಾಗೆಯೇ ಇನ್ನೊಂದು ಸಾಲಿನಲ್ಲಿ ಜೋಡಿಸಿ. ಇಂದಿನ ಲೆಕ್ಕದ ಮಳೆಯು ಮೊದಲನೆಯ ಸಾಲಿನಲ್ಲಿ ಹತ್ತನೆಯ ಸ್ಥಾನಕ್ಕೆ ಬಂದರೆ, ಅದರ ಬದಲಿಗೆ ಎರಡನೆಯ ಸಾಲಿನ ಹತ್ತನೆಯ ಸಂಖ್ಯೆಯನ್ನು ಇಟ್ಟುಕೊಳ್ಳುವುದು. ಯಂತ್ರದ ಮಾತನ್ನು ಪ್ರಕೃತಿಯ ಭಾಷೆಗೆ ತರ್ಜುಮೆ ಮಾಡಿದಂತೆ ಇದು.

ನಿಜವಾದ ಮಳೆಯ ಪ್ರಮಾಣ ತಿಳಿಯಲು ಮಳೆಮಾಪಕಗಳ ಜೊತೆಗೆ ಕೃತಕ ಉಪಗ್ರಹಗಳು ನೆರವಾದವು. ಉಷ್ಣವಲಯದ ಮಳೆಯನ್ನು ಅಳೆಯುವುದಕ್ಕೆಂದೇ ಅಮೆರಿಕ ಜಪಾನುಗಳು ಕೂಡಿ ೧೯೯೭ರಲ್ಲಿ ಹಾರಿಸಿದ ಉಪಗ್ರಹವು ಅಂಥವುಗಳಲ್ಲೊಂದು. ಹೀಗೆ ತಿದ್ದಿದ ೫೧ ಮಳೆಯ ಸೂಚನೆಗಳನ್ನು ಜಲಶಾಸ್ತ್ರದ ಸಮೀಕರಣಗಳಿಗೆ ಒಪ್ಪಿಸಿ, ಎಷ್ಟು ನೀರು ನೆಲಕ್ಕೆ ಇಂಗೀತು, ಎಷ್ಟು ಹಳ್ಳಕೊಳ್ಳ ಸೇರೀತು, ಅದು ಎಷ್ಟು ದಿನಗಳಲ್ಲಿ ಗಡಿಗೆ ಬಂದೀತು ಎಂದು ಲೆಕ್ಕಹಾಕಿದರು. ಫಲಿತಾಂಶವನ್ನು ಎರಡು ಸ್ಥಳಗಳಿಗೆ ಹೇಳಲಾಗುತ್ತಿತ್ತು: ಗಂಗೆಯ ಮೇಲೆ ೧೯೧೫ರಲ್ಲಿ ಸಂಚಾರಕ್ಕೆ ತೆರೆದ ಹಾರ್ಡಿಂಜ್ ಸೇತುವೆ, ಬ್ರಹ್ಮಪುತ್ರೆಯ ಮೇಲೆ ಬಹಾದುರಾಬಾದ್. ಈ ಎರಡು ಬಾಗಿಲುಗಳನ್ನು ಕಾದರೆ ದೇಶದೊಳಗೆ ಬರುವ ನೀರಿನ ಬಹುಪಾಲನ್ನು ಕಾದಂತಾಗುತ್ತದೆ.

ಕೃಷ್ಣಾತೀರದ ನಮ್ಮ ವಾಚಕರಿಗೆ ಇದು ಹೊಸದಾಗಿ ತೋರಲಾರದು. ಸಹ್ಯಾದ್ರಿಯ ನೆತ್ತಿಯಲ್ಲಿ ಮಳೆ ಸುರಿದಾಗ, ತಮ್ಮೂರಿನಲ್ಲಿ ಬಿಸಿಲಿದ್ದರೂ ಹೊಳೆ ಏರುವುದನ್ನು ಅವರು ಕಂಡಿದ್ದಾರೆ. ಮೇಲೆ ಬಿದ್ದ ನೀರು ಕೆಳಗೆ ಬರಲು ಹಿಡಿಯುವ ಕಾಲವೇ ನಮಗೆ ದೊರೆಯುವ ಬಿಡುವು. ಮಳೆಯನ್ನೇ ಮುಂಚಿತವಾಗಿ ಹೇಳಬಲ್ಲೆವಾದರೆ ಆ ಬಿಡುವು ಅಷ್ಟರಮಟ್ಟಿಗೆ ದೊಡ್ಡದಾಗುತ್ತದೆ.

ಸಂಭವನೀಯತೆಯಿಂದ ನಿರ್ಧಾರಕ್ಕೆ

ಇಷ್ಟಾದರೂ ಅರ್ಧ ಕೆಲಸ ಮಾತ್ರ ಆದಂತಾಯಿತು. ೫೧ರಲ್ಲಿ ೧೩ ಸೂಚನೆಗಳು ನೆರೆ ಬರುವುದೆನ್ನುತ್ತವೆ, ಮಿಕ್ಕವು ಇಲ್ಲವೆನ್ನುತ್ತವೆ ಎಂದಿಟ್ಟುಕೊಳ್ಳೋಣ. ಎಂದರೆ ನಾಲ್ಕರಲ್ಲೊಂದು ಪಾಲಿನ ಸಂಭವ. ರೈತನಿಗೆ ಏನೆಂದು ಹೇಳಬೇಕು? ಹಳ್ಳಿಗನಿಗೆ ಸಂಭವನೀಯತೆಯ ಗಣಿತ ತಿಳಿಯಲಾರದು, ಬರುವುದು ಅಥವಾ ಬಾರದು ಎಂದು ಖಂಡಿತವಾಗಿಯೇ ಹೇಳಬೇಕು ಎನ್ನುವವರುಂಟು. ನಮಗೆ ಇದು ಸರಿತೋರುವುದಿಲ್ಲ. ಮೋಡ ನೋಡಿ ಬಿತ್ತುವವನೂ ಸಾಲ ತೆಗೆದು ಬೆಳೆಯಿಡುವವನೂ ದಿನನಿತ್ಯ ಪಣವೊಡ್ಡುತ್ತಲೇ ಇರುತ್ತಾರೆ. ಅನಿಶ್ಚಯದಲ್ಲಿ ನಿರ್ಧರಿಸುವ ವಿದ್ಯೆಯನ್ನು ಅವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಬ್ಬನ ಕೊಳದಲ್ಲಿ ೨೦,೦೦೦ ಟಾಕಾ ಬೆಲೆಬಾಳುವ ಮೀನಿದೆ. ಕೊಳದ ಸುತ್ತ ಬಲೆ ಕಟ್ಟಲು ತಗಲುವ ವೆಚ್ಚ ೨,೦೦೦ ಟಾಕಾ. ವೆಚ್ಚವು ನಷ್ಟದ ಹತ್ತನೆಯ ಒಂದು ಪಾಲು. ಆದುದರಿಂದ ನೆರೆಯ ಸಂಭವ ಹತ್ತರಲ್ಲೊಂದಕ್ಕಿಂತ ಹೆಚ್ಚಾಗಿದ್ದರೆ, ಅಂದರೆ ೫೧ರಲ್ಲಿ ಆರು ಸೂಚನೆಗಳು ನೆರೆಯೆಂದರೂ, ಬಲೆಕಟ್ಟುವುದೇ ಲಾಭ. ಅವನ ನೆರೆಮನೆಯವನಿಗೆ ಭತ್ತದ ಗದ್ದೆಯಿದೆ. ಬಲಿತ ಬೆಳೆಯಿಂದ ಬರುವುದು ೩೦,೦೦೦ ಟಾಕಾ. ಇಂದೇ ಅರೆಬಲಿತದ್ದನ್ನು ಕೊಯ್ದರೆ ೧೮,೦೦೦ ಮಾತ್ರ. ಕೊಯ್ದರೆ ೧೨,೦೦೦ ಖಂಡಿತ ನಷ್ಟ, ಕೊಯ್ಯದೆ ನೆರೆ ಬಂದರೆ ೩೦,೦೦೦ವೂ ನಷ್ಟ. ಇವನು ಸಂಭವವು ಹತ್ತರಲ್ಲಿ ನಾಲ್ಕನ್ನು ದಾಟುವವರೆಗೆ, ಎಂದರೆ ೨೧ ಸೂಚನೆಗಳಾದರೂ ನೆರೆಯೆನ್ನುವವರೆಗೆ, ಕಾಯುವುದೇ ಮೇಲು.

೧೩ ಸೂಚನೆಗಳು ನೆರೆಯೆಂದ ದಿನ ಮೀನಿನವನು ಬಲೆಕಟ್ಟಬೇಕು, ಭತ್ತದವನು ಕಾಯಬೇಕು. ಸುದ್ದಿ ಒಂದೇ, ನಿರ್ಧಾರಗಳು ಎರಡು, ಎರಡೂ ಸರಿ. ಢಾಕಾದಲ್ಲಿಯೋ ಅಮೆರಿಕದಲ್ಲಿಯೋ ಕುಳಿತವರು ಇಬ್ಬರ ಪರವಾಗಿ ತಾವೇ ತೀರ್ಮಾನಿಸಿ ‘ನೆರೆಯಿಲ್ಲ’ ಎಂದು ಒಂದೇ ಮಾತು ಕಳುಹಿಸಿದ್ದರೆ ಒಬ್ಬನಿಗೆ ಅನ್ಯಾಯವಾಗುತ್ತಿತ್ತು. ಸಂಭವನೀಯತೆಯನ್ನು ಮರೆಮಾಚದೆ ಹೇಳುವುದು ಈ ಕಾರಣದಿಂದ ಪ್ರಾಮಾಣಿಕತೆಯೂ ಹೌದು, ಉಪಕಾರವೂ ಹೌದು.

ಕೊನೆಯ ಕೊಂಡಿ

ಈ ಕಾರ್ಯದಲ್ಲಿ ವಿಜ್ಞಾನಿಗಳು ಒಂಟಿಯಾಗಿರಲಿಲ್ಲ. ರೆಡಿಂಗಿನ ಸೂಚನೆ ಅಮೆರಿಕದಲ್ಲಿ ನದಿಯ ಲೆಕ್ಕವಾಗಿ ಮಾರ್ಪಟ್ಟು ಢಾಕಾದ ಕೇಂದ್ರಕ್ಕೆ ಬರುತ್ತಿತ್ತು. ಅಲ್ಲಿ ಊರೂರಿನ ನೀರಿನ ಮಟ್ಟವಾಗಿ ವಿವರಗೊಳ್ಳುತ್ತಿತ್ತು. ಬ್ಯಾಂಕಾಕಿನಲ್ಲಿರುವ ಏಷ್ಯದ ವಿಪತ್ತು ಸಿದ್ಧತಾ ಕೇಂದ್ರದವರು ಹಳ್ಳಿಗಳಲ್ಲಿ ತರಬೇತಿಯ ಭಾರ ಹೊತ್ತರು. ಮೊದಲಿಗೆ ಐದು ಯೂನಿಯನ್‌ಗಳನ್ನು, ಎಂದರೆ ನಮ್ಮ ಪಂಚಾಯತಿಗಳಂಥ ಗ್ರಾಮಸಮೂಹಗಳನ್ನು, ಪ್ರಯೋಗಕ್ಕೆ ಆರಿಸಿಕೊಳ್ಳಲಾಯಿತು. ಸುದ್ದಿ ಮೊಬೈಲ್ ದೂರವಾಣಿಯಲ್ಲಿ ಗ್ರಾಮದ ಪ್ರತಿನಿಧಿಗೆ ಬರುತ್ತಿತ್ತು. ಅವನು ಬಾವುಟ ಏರಿಸಿ ಊರಿಗೆಲ್ಲ ಸಾರುತ್ತಿದ್ದನು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ನದಿಯಲ್ಲಿ ಕ್ಷಣಕ್ಕೆ ಇಷ್ಟು ಸಾವಿರ ಘನಮೀಟರು ನೀರೆಂದರೆ ಯಾರಿಗೂ ಏನೂ ತಿಳಿಯದು. ಶಾಲೆಯ ಮೆಟ್ಟಿಲವರೆಗೆ ನೀರು, ಹಿಂದಿನ ನೆರೆಗಿಂತ ಒಂದು ಮೊಳ ಹೆಚ್ಚು ಎಂದರೆ ಮಗುವಿಗೂ ತಿಳಿಯುತ್ತದೆ. ಲೆಕ್ಕವು ಮೆಟ್ಟಿಲಿನ ಭಾಷೆಗೆ ಇಳಿಯುವವರೆಗೆ ಮುನ್ಸೂಚನೆಯು ಪೂರ್ಣವಾಗುವುದಿಲ್ಲ.

ಪರೀಕ್ಷೆಯ ಕಾಲ ಬೇಗನೆ ಬಂತು. ೨೦೦೭ರಲ್ಲಿ ಬ್ರಹ್ಮಪುತ್ರೆ ಎರಡು ಬಾರಿ ಉಕ್ಕಿತು: ಜುಲೈ ಕೊನೆಯಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ. ೨೦೦೮ರ ಸೆಪ್ಟೆಂಬರಿನಲ್ಲಿ ಪುನಃ ನೆರೆ ಬಂತು. ಈ ಮೂರನ್ನೂ ಬಹುಮಟ್ಟಿಗೆ ಹತ್ತು ದಿನ ಮುಂಚೆಯೇ ತಿಳಿಸಲು ಸಾಧ್ಯವಾಯಿತು. ಪ್ರಯೋಗದ ಹಳ್ಳಿಗಳಲ್ಲಿ ಜನ ದನಕರುಗಳನ್ನು ಎತ್ತರಕ್ಕೆ ಸಾಗಿಸಿದರು. ಬೆಳೆಯನ್ನು ಮುಂಚಿತವಾಗಿ ಕೊಯ್ದರು. ಮೀನಿನ ಕೊಳಗಳಿಗೆ ಬಲೆ ಕಟ್ಟಿದರು. ಒಣ ಆಹಾರವನ್ನೂ ಕುಡಿಯುವ ನೀರನ್ನೂ ಕೂಡಿಟ್ಟರು. ಹೀಗೆ ಒಂದೊಂದು ಮನೆತನಕ್ಕೆ ಉಳಿತಾಯವಾದದ್ದು ಕೆಲವು ನೂರು ಡಾಲರುಗಳೆಂದು ಆಮೇಲೆ ನಡೆದ ಸಮೀಕ್ಷೆಯಿಂದ ತಿಳಿದುಬಂತು. ಶ್ರೀಮಂತ ದೇಶದಲ್ಲಿ ಅದು ಅಲ್ಪಮೊತ್ತ. ಆ ಕುಟುಂಬಗಳಿಗೆ ಹೆಚ್ಚುಕಡಿಮೆ ಒಂದು ವರ್ಷದ ಸಂಪಾದನೆ.

ಇದ್ದೂ ಇಲ್ಲದಂತಾದ ಸೂಚನೆ

ಸೂಚನೆಯು ಜನರವರೆಗೆ ಬಾರದಿದ್ದರೆ ಏನಾಗುವುದೆಂಬುದಕ್ಕೂ ನಿದರ್ಶನವಿದೆ. ೨೦೧೦ರ ಜುಲೈ ಕೊನೆಯಲ್ಲಿ ಪಾಕಿಸ್ತಾನದ ಉತ್ತರಭಾಗದಲ್ಲಿ ಭಾರಿ ಮಳೆ ಸುರಿದು ಸಿಂಧೂನದಿ ಉಕ್ಕಿಹರಿಯಿತು. ಸುಮಾರು ೨,೦೦೦ ಜನ ಮಡಿದರು. ಎರಡು ಕೋಟಿಯಷ್ಟು ಜನ ಸಂಕಟಕ್ಕೀಡಾದರು. ವೆಬ್‌ಸ್ಟರ್ ಮತ್ತು ಅವರ ಸಹೋದ್ಯೋಗಿಗಳು ಮರುವರ್ಷ ಐರೋಪ್ಯ ಕೇಂದ್ರದ ಹಳೆಯ ಲೆಕ್ಕಗಳನ್ನು ತೆಗೆದು ನೋಡಿದರು. ಆ ಮಳೆಯ ಸುಳಿವು ಆರರಿಂದ ಎಂಟು ದಿನ ಮುಂಚೆಯೇ ಅವುಗಳಲ್ಲಿ ಸ್ಪಷ್ಟವಾಗಿ ಇತ್ತು! ಯಂತ್ರವು ತನ್ನ ಕೆಲಸವನ್ನು ಮಾಡಿತ್ತು. ಆದರೆ ಅದರ ಲೆಕ್ಕವನ್ನು ನದಿಯ ಲೆಕ್ಕವಾಗಿಸಿ, ಊರಿನ ಭಾಷೆಗೆ ಇಳಿಸಿ, ದಂಡೆಯ ಮೇಲಿನ ಮನೆಗೆ ಮುಟ್ಟಿಸುವ ಸರಪಳಿ ಅಲ್ಲಿ ಇರಲಿಲ್ಲ.

ಇದರ ತದ್ವಿರುದ್ಧವಾದ ಸಂಗತಿಯನ್ನು ಬಂಗಾಳ ಕೊಲ್ಲಿಯ ತೀರದಲ್ಲಿ ಕಾಣಬಹುದು. ೧೯೭೦ರ ನವೆಂಬರಿನ ಚಂಡಮಾರುತಕ್ಕೆ ಅಲ್ಲಿ ಬಲಿಯಾದವರು ಮೂರರಿಂದ ಐದು ಲಕ್ಷ ಜನ. ೧೯೭೨ರಲ್ಲಿ ಬಾಂಗ್ಲಾದೇಶದಲ್ಲಿ ಚಂಡಮಾರುತದ ಸಿದ್ಧತೆಗಾಗಿ ಸ್ವಯಂಸೇವಕರ ಪಡೆಯೊಂದು ಏರ್ಪಟ್ಟಿತು. ಮುಂದೆ ಆಶ್ರಯಗೃಹಗಳೂ ಎದ್ದವು. ಕೆಲಸ ಒಮ್ಮೆಗೇ ಕೈಗೂಡಲಿಲ್ಲ. ೧೯೯೧ರ ಚಂಡಮಾರುತದಲ್ಲಿ ಮತ್ತೆ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಆದರೆ ೨೦೦೭ರ ನವೆಂಬರಿನಲ್ಲಿ ಸಿಡ್ರ್ ಎಂಬ ಪ್ರಬಲ ಚಂಡಮಾರುತ ಬಂದಾಗ ಮಡಿದವರ ಸಂಖ್ಯೆ ಸುಮಾರು ೩,೪೦೦. ಅದು ಸಣ್ಣ ಸಂಖ್ಯೆಯಲ್ಲ. ಆದರೂ ಗಾಳಿಯ ಬಲ ತಗ್ಗದೆಯೇ ಸಾವಿನ ಬಲ ಎಷ್ಟು ತಗ್ಗಿತೆಂಬುದನ್ನು ವಾಚಕರೇ ಹೋಲಿಸಿ ನೋಡಬಹುದು. ಉಪಗ್ರಹದ ಚಿತ್ರದಷ್ಟೇ, ಬಾಗಿಲು ಬಾಗಿಲಿಗೆ ಹೋಗಿ ಕೂಗಿದ ಸ್ವಯಂಸೇವಕನೂ ಇದಕ್ಕೆ ಕಾರಣ.

ಇಂದಿನ ಪರಿಸ್ಥಿತಿ

ಈಚಿನ ವರ್ಷಗಳಲ್ಲಿ ಹೊಸ ಸಾಧನವೊಂದು ಕೈಗೆ ಬಂದಿದೆ. ಭೌತಶಾಸ್ತ್ರದ ಸಮೀಕರಣಗಳನ್ನು ಬಿಡಿಸುವುದರ ಬದಲು, ಹಲವು ದಶಕಗಳ ಹವೆಯ ದಾಖಲೆಗಳಿಂದ ತಾನೇ ಪಾಠ ಕಲಿತು ಮುಂದಿನದನ್ನು ಊಹಿಸುವ ಕೃತಕ ಬುದ್ಧಿಯ ವಿಧಾನ ಅದು. ಕಲಿಸಲು ದೊಡ್ಡ ಯಂತ್ರ ಬೇಕಾದರೂ, ಕಲಿತ ಮೇಲೆ ಸೂಚನೆ ಹೇಳಲು ಅಲ್ಪ ವೆಚ್ಚ ಸಾಕು. ಮಹಾಗಣಕಯಂತ್ರಗಳನ್ನು ಕೊಳ್ಳಲಾರದ ದೇಶಗಳಿಗೆ ಇದು ಆಶಾದಾಯಕ. ೨೦೨೫ರ ಮುಂಗಾರಿಗೆ ಮೊದಲು ಭಾರತ ಸರ್ಕಾರದ ಕೃಷಿ ಮಂತ್ರಾಲಯವು ಇಂಥ ವಿಧಾನಗಳಿಂದ ಪಡೆದ, ಮಳೆಗಾಲದ ಆರಂಭವನ್ನು ಕುರಿತ ಸೂಚನೆಗಳನ್ನು ಹದಿಮೂರು ರಾಜ್ಯಗಳ ಸುಮಾರು ೩.೮ ಕೋಟಿ ರೈತರಿಗೆ ಮೊಬೈಲಿನ ಮೂಲಕ ಕಳುಹಿಸಿತು. ಮಳೆ ಎಂದು ನೆಲೆಗೊಳ್ಳುವುದೆಂದು ತಿಳಿದರೆ, ಮೊದಲ ಹನಿಗೆ ಮೋಸಹೋಗಿ ಬಿತ್ತಿ ಬೀಜ ಕಳೆದುಕೊಳ್ಳುವುದು ತಪ್ಪುತ್ತದೆ. ಎಲ್ಲ ರಾಷ್ಟ್ರಗಳ ಜನರಿಗೂ ೨೦೨೭ರ ಅಂತ್ಯದೊಳಗೆ ವಿಪತ್ತಿನ ಎಚ್ಚರಿಕೆ ದೊರೆಯುವಂತಾಗಬೇಕೆಂದು ವಿಶ್ವಸಂಸ್ಥೆಯು ೨೦೨೨ರಲ್ಲಿ ಗುರಿಯನ್ನಿಟ್ಟುಕೊಂಡಿತು.

ಆದರೆ ಸಾಧನ ಹೊಸದಾದರೂ ಸರಪಳಿ ಹಳೆಯದೇ. ಒಂದು ತುದಿಯಲ್ಲಿ ಅಳತೆಗಳು ಬೇಕು. ಆಫ್ರಿಕದ ಅನೇಕ ಭಾಗಗಳಲ್ಲಿ ಮಳೆಮಾಪಕಗಳೂ ರೇಡಾರುಗಳೂ ಹವೆಯ ಬಲೂನುಗಳೂ ಇಂದಿಗೂ ವಿರಳ. ಅಳತೆಯಿಲ್ಲದ ಕಡೆ ಯಂತ್ರವು ತನ್ನ ತಪ್ಪನ್ನು ತಿದ್ದಿಕೊಳ್ಳಲಾರದು. ಇನ್ನೊಂದು ತುದಿಯಲ್ಲಿ, ಸುದ್ದಿಯನ್ನು ನಂಬಿ ನಡೆಯಬಲ್ಲ ಜನರಿರಬೇಕು. ನಂಬಿಕೆ ಒಂದು ಋತುವಿನಲ್ಲಿ ಬೆಳೆಯುವ ಫಸಲಲ್ಲ. ಧನಸಹಾಯ ನಿಂತೊಡನೆ ಸೂಚನೆಯೂ ನಿಂತರೆ ಅದು ಮತ್ತೆ ಚಿಗುರುವುದು ಕಷ್ಟ. ಬಾಂಗ್ಲಾದೇಶದ ಕಾರ್ಯವು ವಿದೇಶದ ವಿದ್ವಾಂಸರೊಡನೆ ಮುಗಿದುಹೋಗದೆ, ಆ ಪ್ರದೇಶದ ರಾಷ್ಟ್ರಗಳದೇ ಆದ ಸಂಸ್ಥೆಗೂ ಢಾಕಾದ ಕೇಂದ್ರಕ್ಕೂ ವರ್ಗಾವಣೆಯಾದದ್ದು ಈ ದೃಷ್ಟಿಯಿಂದ ಅದರ ಮುಖ್ಯ ಯಶಸ್ಸೆಂದು ನಾವು ಭಾವಿಸುತ್ತೇವೆ.

ನೆರೆಯನ್ನು ತಡೆಯುವ ಶಕ್ತಿ ಮನುಷ್ಯನಿಗೆ ಇಂದಿಗೂ ಇಲ್ಲ. ಅದು ಬರುವ ಮೊದಲು ಹತ್ತು ದಿನಗಳನ್ನು ಸಂಪಾದಿಸಿಕೊಡುವ ಶಕ್ತಿ ಇದೆ. ಆ ಹತ್ತು ದಿನಗಳಲ್ಲಿ ಒಂದು ಕುಟುಂಬದ ದನವೂ ಬಿತ್ತನೆಯ ಬೀಜವೂ ಮಕ್ಕಳ ಪುಸ್ತಕಗಳೂ ಏರಿಯ ಮೇಲೆ ಸೇರಬಲ್ಲವು. ಮುಂದಿನ ಮಳೆಗಾಲದಲ್ಲಿ ಹವಾಮಾನದ ವಾರ್ತೆಯನ್ನು ಕೇಳುವಾಗ, ಅದು ನಿಜವಾಯಿತೆ ಸುಳ್ಳಾಯಿತೆ ಎಂದಷ್ಟೇ ಕೇಳಿ ಬಿಡದೆ, ಅದು ಯಾರ ಬಾಗಿಲಿನವರೆಗೆ ಹೋಯಿತು, ಅವರು ಅದರಿಂದ ಏನು ಮಾಡಬಲ್ಲವರಾದರು ಎಂಬುದನ್ನೂ ವಾಚಕರು ಕೇಳುವಂತಾದರೆ ಈ ಲೇಖನದ ಉದ್ದೇಶ ಸಾರ್ಥಕವಾದಂತೆ.